ಹೊಳಲ್ಕೆರೆ ರೋಡು ಯಾವ ಕಡೆ

ಮೂರ್ತಪ್ಪ ಸೈಕಲ್ ಕೊಂಡಿದ್ದು ಡಾಕ್ಟರ ಮಾತಿಗೆ. ರಕ್ತದಲ್ಲಿ ಸಕ್ಕರೆ ಅಂಚಿನಲ್ಲಿದೆ, ದಿನಾ ಒಂದು ಗಂಟೆ ನಡೆಯಿರಿ ಎಂದಿದ್ದರು. ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದ ಅವನಿಗೆ ಆಗ ನಲವತ್ತೆರಡು ವರ್ಷ. ಹದಿನೈದು ದಿನ ಸ್ಟೇಡಿಯಮ್ಮಿನ ಸುತ್ತ ನಡೆದ. ನೋಡಿದ ಮುಖಗಳನ್ನೇ ನೋಡಿ, ಕೇಳಿದ ಟ್ರಾನ್ಸ್‌ಫರ್ ಸುದ್ದಿಯನ್ನೇ ಕೇಳಿ ಬೇಸತ್ತು, ಹದಿನಾರನೆಯ ದಿನ ಅಂಗಡಿಗೆ ಹೋಗಿ ಗೇರಿನ ಸೈಕಲ್ ತಂದ. ಅದು ೨೦೦೧ನೇ ಇಸವಿ.

ಮೊದಲ ತಿಂಗಳೆಲ್ಲ ಕೂರುವಲ್ಲಿ ನೋವು, ಮಂಡಿ ನೋವು, ಅಂಗೈಯಲ್ಲಿ ಜೋಮು. ಸೈಕಲ್ ಶಾಪಿನವನು ಸೀಟನ್ನು ಎರಡು ಬೆರಳಿನಷ್ಟು ಮೇಲೆತ್ತಿ ಕೊಟ್ಟ. “ಪೆಡ್ಲು ಕೆಳಗೆ ಬಂದಾಗ ಕಾಲು ಹತ್ತತ್ರ ನೆಟ್ಟಗಾಗಬೇಕು ಸಾರ್. ಮಡಚ್ಕಂಡೇ ತುಳಿದ್ರೆ ಮಂಡಿ ಹೋಗ್ತತೆ” ಅಂದ. ಅಷ್ಟರಿಂದಲೇ ಅರ್ಧ ನೋವು ಹೋಯಿತು. ಉಳಿದದ್ದನ್ನು ಮೂರ್ತಪ್ಪ ರಸ್ತೆಯಲ್ಲೇ ಕಲಿತ. ಬಾಯಾರುವ ಮುಂಚೆಯೇ ನೀರು ಕುಡಿಯಬೇಕು, ಏರು ಕಾಣುತ್ತಿದ್ದ ಹಾಗೆ ಗೇರ್ ಇಳಿಸಬೇಕು, ಬೆಲ್ಲ ಮತ್ತು ಹುರಿದ ಕಡಲೆಬೀಜ ಜೇಬಿನಲ್ಲಿರಬೇಕು, ಪಂಚರ್ ಸಾಮಾನಿಲ್ಲದೆ ಊರು ದಾಟಬಾರದು. ಜಾಲಿ ಮುಳ್ಳು ಎಲ್ಲ ಕಡೆಯೂ ಇತ್ತು. ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು. ಸೈಕಲ್ ಮಾತ್ರ ಅವನನ್ನು ಬಿಡಲಿಲ್ಲ. ಕಚೇರಿಯ ಕಡತಗಳಲ್ಲಿ ಹೆಸರಾಗಿ ಮಾತ್ರ ಗೊತ್ತಿದ್ದ ಹಳ್ಳಿಗಳು ಈಗ ಬಾವಿಕಟ್ಟೆ, ಹುಣಿಸೆಮರ, ಬೆನ್ನಟ್ಟುವ ನಾಯಿಗಳ ಸಮೇತ ಗೊತ್ತಾಗತೊಡಗಿದವು. ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಗಾಳಿಗೆ ಎದೆ ಒಡ್ಡಿ ಹೋಗುವಾಗ ಅವನು ಮನಸ್ಸಿನಲ್ಲೇ ನಗುತ್ತಿದ್ದ.

ಹೇಮಾವತಿ ಸೈಕಲ್ ಹತ್ತಿದ್ದು ಒಂದು ವರ್ಷದ ನಂತರ. ಅವಳ ತವರು ಹರಿಯಬ್ಬೆ. ಅಲ್ಲಿಂದ ಧರ್ಮಪುರದ ಹೈಸ್ಕೂಲಿಗೆ ಅವಳು ಅಪ್ಪನ ದೊಡ್ಡ ಸೈಕಲಿನಲ್ಲಿ ಹೋಗಿ ಬರುತ್ತಿದ್ದಳು. ಮದುವೆಯಾದ ಮೇಲೆ ಅದನ್ನು ಯಾರೂ ಬೇಡ ಅನ್ನಲಿಲ್ಲ, ತಾನಾಗಿಯೇ ನಿಂತುಹೋಯಿತು. ಒಂದು ಭಾನುವಾರ ಗಂಡ ಸೈಕಲ್ ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದಾಗ, ಸೀರೆಯ ಸೆರಗು ಸಿಕ್ಕಿಸಿಕೊಂಡು ಹತ್ತಿ, ಕೇರಿಯ ಕೊನೆಯವರೆಗೆ ಹೋಗಿ ತಿರುಗಿ ಬಂದಳು. ಮುಖ ಕೆಂಪಾಗಿತ್ತು. “ಮರ್ತಿಲ್ಲ ಕಣ್ರೀ” ಅಂದಳು. ಮಗಳು ಸ್ವಾತಿ ಚಪ್ಪಾಳೆ ತಟ್ಟಿದಳು. ಬ್ಯಾಂಕ್ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಮಗನ ಗೇರ್ ಸೈಕಲ್ ಮಾರುತ್ತಿದ್ದರು. ಮೂರ್ತಪ್ಪ ಅದನ್ನು ಖುಷಿಯಿಂದಲೇ ಹೆಂಡತಿಗೆ ತಂದುಕೊಟ್ಟ.

ಸೀರೆ ಚೈನಿಗೆ ಸಿಕ್ಕುತ್ತದೆಂದು ಅವಳು ಅವನ ಹಳೆಯ ಟ್ರ್ಯಾಕ್ ಪ್ಯಾಂಟು, ತುಂಬುತೋಳಿನ ಅಂಗಿ ಹಾಕಿಕೊಂಡು, ತಲೆಗೆ ಹತ್ತಿಯ ಟವೆಲ್ ಬಿಗಿದು ಹೊರಡುತ್ತಿದ್ದಳು. ಪ್ರತಿ ಭಾನುವಾರ ಇಬ್ಬರೂ ಹೋದರು. ಆರು ತಿಂಗಳಲ್ಲಿ ಮೂರ್ತಪ್ಪನಿಗೆ ಒಂದು ವಿಷಯ ತಿಳಿಯಿತು. ಹೆಂಡತಿ ತನಗಿಂತ ಗಟ್ಟಿ. ಅವನು ಏರಿನಲ್ಲಿ ಎದ್ದು ನಿಂತು ಒದ್ದಾಡುವಾಗ ಅವಳು ಕೂತಲ್ಲೇ ಕೂತು, ರಾಗಿ ಬೀಸುವವಳ ಹಾಗೆ ಒಂದೇ ಸಮ ತುಳಿಯುತ್ತ ದಾಟಿಹೋಗುತ್ತಿದ್ದಳು. ಮೇಲೆ ಹೋಗಿ ಕಾಯುತ್ತಿದ್ದಳು. ಕಾದೆ ಎಂದು ಹೇಳುತ್ತಿರಲಿಲ್ಲ, “ನೀರು ಕುಡಿಯಾಣ ಅಂತ ನಿಂತೆ” ಅನ್ನುತ್ತಿದ್ದಳು.

ಸೋಮವಾರ ಟೀ ಹೊತ್ತಿಗೆ ಕಚೇರಿಯಲ್ಲಿ ಸೈಕಲ್ ಮಾತು ಬರುವುದು ರೂಢಿಯಾಯಿತು. “ಏನ್ ಮೂರ್ತಪ್ಪೋರೇ, ನಿನ್ನೆ ಎಲ್ಲಿಗ್ ಹೋಗಿದ್ರಿ?” ಎಂದು ಯಾರಾದರೂ ಕೇಳುತ್ತಿದ್ದರು. “ಐಮಂಗಲದವರ್ಗೂ ಹೋಗಿದ್ದೆ.” ಹೋಗಿದ್ವಿ ಅನ್ನಬೇಕಾದಲ್ಲಿ ಹೋಗಿದ್ದೆ ಎಂದು ಮೊದಲ ಸಲ ಬಾಯಿಗೆ ಬಂದದ್ದು ಯೋಚಿಸಿ ಅಲ್ಲ. ತಿದ್ದಬಹುದಿತ್ತು, ತಿದ್ದಲಿಲ್ಲ. ಎರಡನೆಯ ಸಲ ಯೋಚಿಸಿಯೇ ಹೇಳಿದ. ಹೆಂಡತಿ ಪ್ಯಾಂಟು ಹಾಕಿಕೊಂಡು ಹೈವೇಯಲ್ಲಿ ಸೈಕಲ್ ತುಳಿಯುತ್ತಾಳೆ ಎಂದರೆ ಏನನ್ನುತ್ತಾರೋ ಎಂಬುದು ಒಂದು. ಯಾರು ಮುಂದೆ ಹೋಗ್ತೀರಿ ಎಂದು ಕೇಳಿದರೆ ಏನು ಹೇಳುವುದು ಎಂಬುದು ಇನ್ನೊಂದು. ಎರಡನೆಯದನ್ನು ಅವನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ನಾಲ್ಕು ಊರು ಸುತ್ತುವ ಯೋಚನೆ ಹೇಮಾವತಿಯದು. ಚಿತ್ರದುರ್ಗದಿಂದ ಹಿರಿಯೂರು, ಹಿರಿಯೂರಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಮತ್ತೆ ದುರ್ಗ. ನೂರ ಅರವತ್ತು ಕಿಲೋಮೀಟರಿನಷ್ಟು. ಸ್ವಾತಿಯ ಭೂಪಟದ ಪುಸ್ತಕ ಬಿಡಿಸಿಕೊಂಡು ಬೆರಳಿನಿಂದ ದಾರಿ ಎಳೆದು ತೋರಿಸಿದಳು. “ಈ ತಿಂಗಳಾಗೆ ಗಾಳಿ ಮೂಡಲಿಂದ ಬೀಸ್ತತೆ. ಹಿರಿಯೂರಿಗೆ ಹೋಗಾವಾಗ ಎದುರುಗಾಳಿ. ಬೆಳಗ್ಗೆ ಕಾಲಾಗೆ ಶಕ್ತಿ ಇರ್ತತಲ್ಲ, ಅದನ್ನ ಮೊದ್ಲೇ ಮುಗಿಸಿಬಿಡಾಣ. ಅಲ್ಲಿಂದ ಹೊಸದುರ್ಗದವರ್ಗೂ ಗಾಳಿನೇ ತಳ್ತತೆ. ಕೊನೆಗೆ ಹೊಳಲ್ಕೆರೆಯಿಂದ ಮನೆಗೆ ಬರೋದು ಕಷ್ಟ ಐತೆ. ಒಬ್ರ ಹಿಂದೆ ಒಬ್ರು ಬಂದ್ರೆ ಆಗ್ತತೆ.”

೨೦೦೩ರ ಡಿಸೆಂಬರಿನ ಒಂದು ಭಾನುವಾರ ನಸುಕಿನಲ್ಲೇ ಹೊರಟರು. ಸ್ವಾತಿಯನ್ನು ನೋಡಿಕೊಳ್ಳಲು ಮೂರ್ತಪ್ಪನ ತಾಯಿ ಓಬಮ್ಮ ಇದ್ದಳು. ಸಾಮಾನು ಹಂಚಿಕೊಂಡರು. ಪಂಪು, ಪಂಚರ್ ಸಾಮಾನು ಅವನ ಚೀಲಕ್ಕೆ. ಬೆಲ್ಲ, ಕಡಲೆಬೀಜ, ಚಪಾತಿ ಅವಳ ಚೀಲಕ್ಕೆ.

ಹೈವೇ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಎದುರುಗಾಳಿ ಹೇಮಾವತಿ ಹೇಳಿದ ಹಾಗೇ ಇತ್ತು. ಒಬ್ಬರ ಚಕ್ರದ ಹಿಂದೆ ಒಂದು ಮೊಳ ಬಿಟ್ಟು ಇನ್ನೊಬ್ಬರು ಹೋದರೆ ಹಿಂದಿನವರಿಗೆ ಗಾಳಿ ಅರ್ಧಕ್ಕರ್ಧ ಕಡಿಮೆ. ಐದೈದು ಕಿಲೋಮೀಟರಿಗೆ ಸರದಿ ಎಂದು ಮಾತಾಗಿತ್ತು. ಐಮಂಗಲ ದಾಟಿದ ಮೇಲೆ ಅವಳು ಮುಂದೆಯೇ ಉಳಿದಳು. ಮೂರ್ತಪ್ಪ ನನ್ನ ಸರದಿ ಅನ್ನಲಿಲ್ಲ. ಮುಂದಿದ್ದ ಅವಳ ಬೆನ್ನಿನ ಮೇಲೆ ಬೆವರು ಹರಡುವುದನ್ನು ನೋಡುತ್ತ, ಆ ನೆರಳಿನಲ್ಲಿ ಹಾಯಾಗಿ ಹಿರಿಯೂರು ಮುಟ್ಟಿದ.

ಅಲ್ಲಿ ಇಡ್ಲಿ ತಿಂದು ಹೊರಟರೆ ಗಾಳಿ ಬೆನ್ನಿಗೆ. ಮಾರಿಕಣಿವೆಯ ಗುಡ್ಡದ ಸಾಲು ಬಲಗಡೆ ಬಂತು. ಎರಡು ವರ್ಷ ಮಳೆ ಕಡಿಮೆಯಾಗಿ ಜಲಾಶಯದ ನೀರು ತೀರ ಒಳಗೆ ಸರಿದಿತ್ತು. ಅಂಚಿನ ಮಣ್ಣು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿ ಹೇಮಾವತಿ ಹಾಡಿಕೊಂಡಳು. ಕೈಬಿಟ್ಟು ತುಳಿಯಲು ಹೋಗಿ ಓಲಾಡಿ, ಮತ್ತೆ ಹಿಡಿದು ನಕ್ಕಳು. “ಇಷ್ಟು ದೂರ ನಾನೇ ಬಂದೆ ಅಂತ ನಂಬಿಕೆನೇ ಬರ್ತಿಲ್ಲ ಕಣ್ರೀ. ಬಸ್ಸಿನಾಗೆ ಎಷ್ಟು ಸಲ ಬಂದೀವಿ, ಈ ಗುಡ್ಡ ಇಷ್ಟು ಹೊತ್ತು ಜೊತೆಗೇ ಬರ್ತತೆ ಅಂತ ಗೊತ್ತೇ ಇರ್ಲಿಲ್ಲ.” ಮದುವೆಯಾಗಿ ಹದಿನೈದು ವರ್ಷದಲ್ಲಿ ಅವಳನ್ನು ಅಷ್ಟು ಹಗುರಾಗಿ ಅವನು ನೋಡಿರಲಿಲ್ಲ.

ಹೊಸದುರ್ಗ ಸೇರುವಾಗ ಹನ್ನೆರಡು ಗಂಟೆ ಹತ್ತಿರವಾಗಿತ್ತು. ಊರ ಅಂಚಿನಲ್ಲಿ ಟ್ಯೂಷನ್ ಮುಗಿಸಿ ಬರುತ್ತಿದ್ದ ನಾಲ್ಕೈದು ಹುಡುಗಿಯರು ಹೇಮಾವತಿಯನ್ನು ಸುತ್ತುವರಿದರು. ಆಂಟಿ ಎಲ್ಲಿಂದ ಬಂದ್ರಿ, ಗೇರ್ ಹೆಂಗೆ ಹಾಕ್ತೀರಿ, ಒಂದು ರೌಂಡ್ ಕೊಡ್ರಿ. “ನೀವು ಹೋಗಿ ಜಾಗ ಹಿಡೀರಿ, ಭಾನುವಾರ ಹೋಟ್ಲು ತುಂಬಿರ್ತತೆ. ನಾನು ಬರ್ತೀನಿ” ಅಂದಳು ಹೇಮಾವತಿ. ಮೂರ್ತಪ್ಪ ಮುಂದೆ ಹೋದ.

ಬಸ್ ಸ್ಟ್ಯಾಂಡಿನ ಬಳಿಯ ಹೋಟೆಲಿನ ಒಳಗೆ ಕಾಲಿಟ್ಟನೋ ಇಲ್ಲವೋ, “ಓಹೋ, ಬರ್ರಿ ಬರ್ರಿ!” ಎಂದು ಯಾರೋ ಕೂಗಿದರು. ಅವನ ಸೂಪರಿಂಟೆಂಡೆಂಟ್ ಕಾಟಲಿಂಗಪ್ಪನವರು. ಪಕ್ಕದಲ್ಲಿ ಕಚೇರಿಗೆ ಹೊಸದಾಗಿ ಬಂದಿದ್ದ ಚೇತನ್‌ಕುಮಾರ್, ಇನ್ನಿಬ್ಬರು ಗುಮಾಸ್ತರು. ಕಚೇರಿಯವರೊಬ್ಬರ ಮಗಳ ನಿಶ್ಚಿತಾರ್ಥಕ್ಕೆ ಬಂದವರು. ಊಟ ತಡವಾಗುತ್ತದೆಂದು ತಿಂಡಿಗೆ ಕೂತಿದ್ದರು.

“ಕುಂತ್ಕಳ್ರಿ. ದುರ್ಗದಿಂದ ಸೈಕಲ್‌ನಾಗೇ ಬಂದ್ರಾ?” ಎಂದರು ಕಾಟಲಿಂಗಪ್ಪ.

“ಹೌದು ಸರ್. ಹಿರಿಯೂರು ಬಳಸಿಕೊಂಡು.”

ಚೇತನ್‌ಕುಮಾರ್ ಎದ್ದು ಕೈಕುಲುಕಿದ. “ಸರ್, ನಲವತ್ತು ದಾಟಿದ ಮೇಲೆ ಇದು ಸಾಮಾನ್ಯ ಅಲ್ಲ ಬಿಡ್ರಿ. ಒಬ್ರೇ ಬಂದ್ರಾ?”

ಆ ಕ್ಷಣ ಹೇಳಬಹುದಿತ್ತು. ಇಲ್ಲಪ್ಪ, ಮನೆಯವಳೂ ಬಂದಾಳೆ, ಈಗ ಬರ್ತಾಳೆ ಎಂದಿದ್ದರೆ ಮುಗಿದುಹೋಗುತ್ತಿತ್ತು. “ಹೂಂ, ಒಬ್ನೇ” ಅಂದ ಮೂರ್ತಪ್ಪ.

ದೋಸೆ ಹೇಳಿದರು. ಗಾಳಿಯ ಮಾತು, ದಾರಿಯ ಮಾತು ಬಂತು. ಐಮಂಗಲದ ಎದುರುಗಾಳಿಯನ್ನು ತಾನೇ ಸೀಳಿಕೊಂಡು ಬಂದವನ ಹಾಗೆ ಮೂರ್ತಪ್ಪ ವರ್ಣಿಸಿದ. ಅವರೆಲ್ಲ ತಲೆದೂಗಿದರು. ಅಷ್ಟರಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ ಚೇತನ್‌ಕುಮಾರ್ ಮೊಣಕೈಯಿಂದ ಪಕ್ಕದವನನ್ನು ತಿವಿದ. “ನೋಡಲೇ ಅಲ್ಲಿ. ನಮ್ ಮೂರ್ತಪ್ಪ ಸರ್‌ಗೆ ಕಾಂಪಿಟೇಷನ್ನು.”

ಹೇಮಾವತಿ ಸೈಕಲನ್ನು ಹೋಟೆಲ್ ಮುಂದಿನ ಕಂಬಕ್ಕೆ ಒರಗಿಸುತ್ತಿದ್ದಳು. ಟ್ರ್ಯಾಕ್ ಪ್ಯಾಂಟಿನ ಒಂದು ಕಾಲನ್ನು ಚೈನಿಗೆ ಸಿಕ್ಕದಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದಳು. ಅಂಗಿ ಬೆವರಿಗೆ ಅಂಟಿತ್ತು. ಮುಖದ ತುಂಬ ಧೂಳು, ಧೂಳಿನ ಮೇಲೆ ಬೆವರಿನ ಗೆರೆಗಳು. ಟವೆಲ್ ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದಳು.

“ಪಾಪ, ಆಯಮ್ಮನ ಗಂಡ ಮನೆಯಾಗೆ ಕುಂತು ರೊಟ್ಟಿ ತಟ್ತಿರಬೇಕು” ಅಂದ ಚೇತನ್‌ಕುಮಾರ್, ಮೆಲ್ಲಗೆ ಹೇಳಿದೆ ಎಂದುಕೊಂಡು.

ಗುಮಾಸ್ತರಿಬ್ಬರೂ ನಕ್ಕರು. ಮೂರ್ತಪ್ಪನೂ ನಕ್ಕ.

ನಗುತ್ತಿದ್ದಾಗಲೇ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಅವಳು ಎರಡು ಮೇಜುಗಳಾಚೆ ನಿಂತಿದ್ದಳು. ಮಾತು ಕೇಳಿತ್ತು, ನಗುವೂ ಕಂಡಿತ್ತು. ಅವನು ತಲೆ ತಗ್ಗಿಸಿ ನೀರಿನ ಲೋಟ ನೋಡಿದ. ಲೋಟದ ಅಂಚಿನಲ್ಲಿ ಒಂದು ಸಣ್ಣ ತಗ್ಗಿತ್ತು. ಅದನ್ನೇ ನೋಡಿದ.

ಅವಳು ಮೇಜಿನ ಹತ್ತಿರ ಬಂದಳು. ದನಿ ಸಹಜವಾಗಿತ್ತು. “ಅಣ್ಣಾ, ಹೊಳಲ್ಕೆರೆ ರೋಡು ಯಾವ ಕಡೆ?”

ಕೇಳಿದ್ದು ಅವನನ್ನು. ಅಣ್ಣಾ ಎಂದದ್ದು ಅವನಿಗೆ. ನಾಲ್ಕು ಊರಿನ ದಾರಿ ಬೆರಳಿಟ್ಟು ತೋರಿಸಿದವಳು ಅವಳೇ. ಮೂರ್ತಪ್ಪ ಬಲಗೈ ಎತ್ತಿ ಬಾಗಿಲಾಚೆ ಎಡಕ್ಕೆ ತೋರಿಸಿದ.

“ಆಯ್ತಣ್ಣ” ಅಂದಳು ಹೇಮಾವತಿ. ಗಲ್ಲಾದ ಪಕ್ಕದ ಡ್ರಮ್ಮಿನಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡಳು. ಹೊರಗೆ ಗಾಡಿಯವನ ಹತ್ತಿರ ಬಾಳೆಹಣ್ಣು ತಗೊಂಡು ಚೀಲಕ್ಕೆ ಹಾಕಿಕೊಂಡಳು. ಸೈಕಲ್ ಹತ್ತಿ ಅವನು ತೋರಿಸಿದ ಕಡೆ ಹೋದಳು.

“ಗಟ್ಟಿಗಿತ್ತಿ” ಅಂದ ಒಬ್ಬ ಗುಮಾಸ್ತ. ಕಾಟಲಿಂಗಪ್ಪ ಮೂರ್ತಪ್ಪನ ಕಡೆ ನೋಡಿದರು. ದೋಸೆ ಬಂತು. ಮೂರ್ತಪ್ಪ ಏಳಲು ನೋಡಿದಾಗ, “ತಿಂದು ಹೋಗ್ರಿ, ಇನ್ನೂ ದೂರ ಐತೆ ನಿಮಗೆ” ಎಂದು ಕಾಟಲಿಂಗಪ್ಪ ಕೈ ಹಿಡಿದು ಕೂರಿಸಿದರು. ಅವನು ದೋಸೆ ನುಂಗಿದ. ಅವರು ಎರಡನೆಯದು ಹೇಳಿದರು, ಅದನ್ನೂ ನುಂಗಿದ. ಎದ್ದು ಹೋದರೆ ಯಾಕೆ ಅವಸರ ಎಂದು ಕೇಳುತ್ತಾರೆ. ಆ ಹೆದರಿಕೆಗೆ ಅರ್ಧ ಗಂಟೆ ಕೂತ.

ಹೊರಗೆ ಬಂದು ಸೈಕಲ್ ಹತ್ತಿದವನು ಕಣ್ಣು ಕತ್ತಲಿಡುವ ಹಾಗೆ ತುಳಿದ. ಅವಳನ್ನು ಹಿಡಿಯಬೇಕು, ಏನಾದರೂ ಹೇಳಬೇಕು. ವೇದಾವತಿಯ ಸೇತುವೆ ದಾಟುವಾಗ ನೆನಪಾಯಿತು, ಪಂಪು ತನ್ನ ಚೀಲದಲ್ಲಿದೆ. ಪಂಚರ್ ಸಾಮಾನೂ ತನ್ನ ಹತ್ತಿರವೇ ಇದೆ. ಮುಳ್ಳು ಚುಚ್ಚಿದರೆ ಅವಳು ನಡು ರಸ್ತೆಯಲ್ಲಿ ಬರಿಗೈ. ಇನ್ನೂ ಜೋರಾಗಿ ತುಳಿದ. ತುಂಬಿದ ಹೊಟ್ಟೆ, ನೆತ್ತಿಯ ಮೇಲೆ ಬಿಸಿಲು. ಎಂಟು ಹತ್ತು ಕಿಲೋಮೀಟರು ಹೋಗುವಷ್ಟರಲ್ಲಿ ತಲೆ ಸುತ್ತಿತು. ಇಳಿದು ಬೇಲಿಯ ಪಕ್ಕ ಕೂತು ತಿಂದದ್ದೆಲ್ಲ ಕಕ್ಕಿದ. ಏಳಲು ಹೋದರೆ ಎಡಗಾಲಿನ ಮೀನಖಂಡ ಗಂಟು ಹಾಕಿಕೊಂಡು ಕೂಗುವಂತಾಯಿತು.

ಬೇವಿನ ಮರದಡಿ ಮೇಕೆ ಬಿಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು ಚೊಂಬಿನಲ್ಲಿ ನೀರು ಕೊಟ್ಟಳು. “ಗುಟುಕು ಗುಟುಕು ಕುಡಿಯಪ್ಪ. ಒಂದೇ ಸಲ ಕುಡಿದ್ರೆ ಅದೂ ಬರ್ತತೆ.”

ಕುಡಿದು ಸುಧಾರಿಸಿಕೊಂಡು ಕೇಳಿದ. “ಅಜ್ಜೀ, ಒಬ್ರು ಹೆಂಗಸು ಸೈಕಲ್‌ನಾಗೆ ಈ ಕಡೆ ಹೋದ್ರಾ?”

“ಹೋದ್ಲು. ಆಗ್ಲೇ ಹೋದ್ಲು. ನನಗೆ ಒಂದು ಬಾಳೆಹಣ್ಣು ಕೊಟ್ಲು.” ಅಜ್ಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ನಿನಗೇನಾಗಬೇಕು ಆಯಮ್ಮ?”

“ನನ್ನ ಹೆಂಡ್ತಿ.”

ಅದನ್ನು ಹೇಳುವುದು ಅಷ್ಟು ಸುಲಭವಿತ್ತು. ಗುರುತಿಲ್ಲದ ಮೇಕೆ ಕಾಯುವ ಅಜ್ಜಿಗೆ ಹೇಳಿದ್ದನ್ನು ಒಂದು ಗಂಟೆಯ ಹಿಂದೆ ನಾಲ್ಕು ಜನ ಗುರುತಿನವರಿಗೆ ಹೇಳಲಾಗಿರಲಿಲ್ಲ. “ಜಗಳಾಡಿದ್ರೇನಪ್ಪ?” ಎಂದು ಕೇಳಿದಳು ಅಜ್ಜಿ. “ಇಲ್ಲ ಅಜ್ಜಿ” ಅಂದ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಅನ್ನಿಸಿತು. ಕಾಲು ಹಿಡಿತಕ್ಕೆ ಬರಲು ಮುಕ್ಕಾಲು ಗಂಟೆ ಹಿಡಿಯಿತು.

ಹೊಳಲ್ಕೆರೆ ಸೇರಿದಾಗ ನಾಲ್ಕು ಗಂಟೆ. ಊರ ಬಾಯಿಯಲ್ಲೇ ಒಂದು ಸೈಕಲ್ ಶಾಪ್. ಕೇಳಿದ. ಶಾಪಿನವನು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದುತ್ತಲೇ ಹೇಳಿದ. “ಅರ್ಧ ಗಂಟೆ ಆಯ್ತು ಸಾರ್ ಹೋಗಿ. ಮುಂದಿನ ಗಾಲಿ ಪಂಚರ್ರು. ನಾಕು ಕಿಲೋಮೀಟ್ರು ತಳ್ಕಂಡು ಬಂದೌರೆ ಈ ಬಿಸಿಲಾಗೆ. ಗೇರ್ ಸೈಕಲ್ ಇಟ್ಕಂಡು ಪಂಪು ಸಲೂಷನ್ ಇಲ್ದೆ ಇಷ್ಟು ದೂರ ಬರ್ತಾರೇನಮ್ಮ ಅಂದೆ.”

“ಏನಂದ್ರು?”

“ಮನೆಯಾಗೆ ಮರ್ತು ಬಂದೆ ಅಂದ್ರು.”

ಮೂರ್ತಪ್ಪ ಚೀಲ ಮುಟ್ಟಿ ನೋಡಿಕೊಂಡ. ಪಂಪಿನ ತುದಿ ಚೀಲದ ಹೊರಗೆ ಕಾಣುತ್ತಿತ್ತು. ಶಾಪಿನವನು ಅದನ್ನು ನೋಡಿದ, ಅವನ ಮುಖ ನೋಡಿದ, ಮತ್ತೆ ಟ್ಯೂಬಿಗೆ ತಿರುಗಿದ.

ಹೊಳಲ್ಕೆರೆಯಿಂದ ಮನೆಗೆ ಮೂವತ್ತೆರಡು ಕಿಲೋಮೀಟರು. ಗಾಳಿ ಎದುರಿಗೇ ಇತ್ತು, ಬೆಳಿಗ್ಗೆಯಷ್ಟೇ ಜೋರಾಗಿತ್ತು. ಬೆಳಿಗ್ಗೆ ಅದು ಇಷ್ಟಿತ್ತೆಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಅತಿ ಸಣ್ಣ ಗೇರಿಗೆ ಇಳಿಸಿ, ಹ್ಯಾಂಡಲ್ ಮೇಲೆ ಬಗ್ಗಿ ತುಳಿದರೂ ಸೈಕಲ್ ತೆವಳುತ್ತಿತ್ತು. ಕಿಲೋಮೀಟರ್ ಕಲ್ಲುಗಳು ಒಂದರಿಂದೊಂದು ದೂರ ಸರಿಯುತ್ತಿದ್ದವು. ಎರಡು ಸಲ ಇಳಿದು ನಡೆದ. ಇದೇ ಗಾಳಿಯಲ್ಲಿ ಅವಳೂ ಒಬ್ಬಳೇ ಹೋಗಿದ್ದಾಳೆ, ಬಿಸಿಲಲ್ಲಿ ಸೈಕಲ್ ತಳ್ಳಿ ಬಂದ ಕಾಲಿನಲ್ಲಿ. ಬೆಟ್ಟದ ಮೇಲಿನ ಗಾಳಿಯಂತ್ರಗಳು ಕಂಡಾಗ ಊರು ಬಂತೆಂದು ಸಮಾಧಾನವಾಗಲಿಲ್ಲ.

ಮನೆ ಮುಟ್ಟುವಾಗ ದೀಪ ಹಚ್ಚಿ ಆಗಿತ್ತು. ಅವಳ ಸೈಕಲ್ ಒರೆಸಿ ಒಳಗೆ ನಿಲ್ಲಿಸಿತ್ತು. ಹೇಮಾವತಿ ಸ್ನಾನ ಮಾಡಿ, ಸೀರೆ ಉಟ್ಟು, ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಉಗುರಿನ ಸಂದಿಯಲ್ಲಿ ಚೈನಿನ ಮಸಿ ಇನ್ನೂ ಇತ್ತು.

“ಜೊತೆಗೆ ಹೋದೋರು ಜೊತೆಗೆ ಬರಬಾರದೇನೋ?” ಎಂದಳು ಓಬಮ್ಮ.

“ಅವ್ರಿಗೆ ಆಫೀಸಿನೋರು ಸಿಕ್ಕಿದ್ರು ಅತ್ತೆ” ಎಂದಳು ಹೇಮಾವತಿ, ಕಾಯಿಯಿಂದ ಕಣ್ಣೆತ್ತದೆ.

ಸ್ವಾತಿ ಅಮ್ಮನ ಪಕ್ಕದಲ್ಲಿದ್ದಳು. ಹದಿಮೂರು ವರ್ಷದ ಹುಡುಗಿ. ಅಪ್ಪನ ಚೀಲದಿಂದ ಪಂಪು ತೆಗೆದು ಕೈಯಲ್ಲಿ ಹಿಡಿದು ನೋಡಿದಳು. “ಅಪ್ಪ, ಅಮ್ಮಂಗೆ ಪಂಚರ್ ಆದಾಗ ನೀವೆಲ್ಲಿದ್ರಿ?”

“ಹಿಂದಿದ್ದೆ” ಅಂದ ಮೂರ್ತಪ್ಪ. ಸುಳ್ಳಲ್ಲ. ಆದರೂ ಮಗಳ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಹೇಮಾವತಿ ಹಾಲು ಕಾಯಿಸುವಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತ. “ತಪ್ಪಾಯ್ತು ಹೇಮಾ.”

ಅವಳು ಹಾಲು ಉಕ್ಕುವುದನ್ನೇ ನೋಡುತ್ತಿದ್ದಳು. ಒಲೆ ಆರಿಸಿ ಅಂದಳು. “ನೀವು ಹೇಳಲಿಲ್ಲ, ಅದಕ್ಕೆ ನನಗೇನೂ ಅನ್ನಿಸ್ಲಿಲ್ಲ. ಮೊದ್ಲಿಂದ ನಾನು ನಾನು ಅಂತ ಹೇಳ್ಕಂಡು ಬಂದಿದ್ದೀರಿ ಅಂತ ಗೊತ್ತಿತ್ತು ನನಗೆ. ನಮ್ ಕೇರಿ ಬಸವರಾಜನ ಅಂಗಡಿಯಾಗೆ ನಿಮ್ ಆಫೀಸಿನ ಜವಾನ ಹೇಳ್ತಿದ್ದ, ನಿಮ್ ಯಜಮಾನ್ರು ಒಬ್ರೇ ಎಷ್ಟು ದೂರ ಹೋಗ್ತಾರಲ್ರೀ ಅಂತ. ಹೌದು ಅಂದಿದ್ದೆ. ಗಂಡಸು, ಹೇಳ್ಕಳ್ಳಿ ಬಿಡು ಅಂದ್ಕಂಡಿದ್ದೆ.” ಸೆರಗಿನಲ್ಲಿ ಪಾತ್ರೆ ಹಿಡಿದು ಕೆಳಗಿಟ್ಟಳು. “ನಕ್ರಲ್ಲ. ನೀವು ನಕ್ರಲ್ಲ.”

ಕಾಫಿ ಲೋಟ ಕೈಗೆ ಕೊಟ್ಟು ಹೊರಗೆ ಹೋದಳು.

ಕಚೇರಿಯಲ್ಲಿ ಅವನು ಹೋಗುವ ಮೊದಲೇ ಕಥೆ ಹೋಗಿತ್ತು. ಟೀ ಹೊತ್ತಿಗೆ ಚೇತನ್‌ಕುಮಾರ್ ನಡುವೆ ನಿಂತು ಹೇಳುತ್ತಿದ್ದ. ಒಂದು ಕಾಲಿಗೆ ರಬ್ಬರ್ ಬ್ಯಾಂಡ್, ತಲೆಗೆ ಟವೆಲ್ ಎಂದು ಅಭಿನಯಿಸಿ ತೋರಿಸುತ್ತಿದ್ದ. ಏಳೆಂಟು ಜನ ಸುತ್ತ ಇದ್ದರು. “ಮೂರ್ತಪ್ಪ ಸರ್‌ನ ಕೇಳ್ರಿ ಬೇಕಾದ್ರೆ. ಅವ್ರನ್ನೇ ದಾರಿ ಕೇಳಿದ್ಲು.”

ಮೂರ್ತಪ್ಪ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ. “ಅವಳು ನನ್ನ ಹೆಂಡ್ತಿ” ಅಂದ. ಯಾರಿಗೂ ಕೇಳಿಸಲಿಲ್ಲವೇನೋ ಅನ್ನಿಸಿ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. “ಆ ಹೆಂಗಸು ನನ್ನ ಹೆಂಡ್ತಿ, ಹೇಮಾವತಿ. ಒಂದು ವರ್ಷದಿಂದ ಎಲ್ಲ ಕಡೆಗೂ ಇಬ್ರೂ ಹೋಗಿದ್ದು. ನಾನು ಒಬ್ನೇ ಅಂತ ಸುಳ್ಳು ಹೇಳ್ತಿದ್ದೆ. ನಿನ್ನೆ ಎದುರುಗಾಳಿಯಾಗೆ ಮುಂದೆ ಇದ್ದೋಳು ಅವಳೇ, ನಾನು ಹಿಂದಿದ್ದೆ.”

ಚೇತನ್‌ಕುಮಾರ್ ಅಭಿನಯಕ್ಕೆ ಎತ್ತಿದ್ದ ಕೈ ಇಳಿಸಿದ. “ಸರ್, ನನಗೆ ಗೊತ್ತಿರ್ಲಿಲ್ಲ ಸರ್” ಎಂದು ಎರಡು ಸಲ ಹೇಳಿದ. “ನಿನಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು” ಅಂದ ಮೂರ್ತಪ್ಪ. ಒಬ್ಬೊಬ್ಬರಾಗಿ ತಮ್ಮ ಮೇಜಿಗೆ ಹೋದರು.

ಮಧ್ಯಾಹ್ನ ಕಾಟಲಿಂಗಪ್ಪ ಕರೆದರು. ಮುಂದಿನ ಕುರ್ಚಿ ತೋರಿಸಿದರು. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

“ನನಗೆ ಅಲ್ಲೇ ಗೊತ್ತಾಯ್ತು ಕಣ್ರೀ. ನಿಮ್ಮನೆ ಗೃಹಪ್ರವೇಶಕ್ಕೆ ಬಂದಾಗ ಆ ತಾಯಿ ಕೈಯಾರೆ ಬಡಿಸಿದ್ದಾರೆ ನನಗೆ. ಮುಖ ಮರೀತೀನಾ?”

ಮೂರ್ತಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು. “ಮತ್ಯಾಕೆ ಸರ್ ಸುಮ್ನಿದ್ರಿ?”

“ನೀವೇ ಹೇಳ್ತೀರಿ, ಈಗ ಹೇಳ್ತೀರಿ ಅಂತ ಕಾದೆ. ಎರಡನೇ ದೋಸೆ ಹೇಳಿದ್ದೂ ಅದಕ್ಕೇ. ತಿನ್ನೋವಷ್ಟರಾಗಾದ್ರೂ ಬಾಯಿ ಬಿಡ್ತೀರಿ ಅಂತ.” ಕನ್ನಡಕ ಹಾಕಿಕೊಂಡರು. “ನಾನೂ ಎದ್ದು ನಿಂತು ನಮಸ್ಕಾರ ತಾಯಿ ಅನ್ನಬೇಕಾಗಿತ್ತು. ನಿಮ್ಮ ಮರ್ಯಾದೆ ಹೋಗ್ತದಲ್ಲ ಅಂತ ಅವರ ಮರ್ಯಾದೆ ಹೋಗಾಕ್ ಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಅವರಿಗೆ ನನ್ನ ಕಡೆಯಿಂದಲೂ ಒಂದು ಮಾತು ಹೇಳ್ರಿ.”

ಸಂಜೆ ಮನೆಗೆ ಬಂದು ಎಲ್ಲವನ್ನೂ ಹೇಳಿದ. ಹೇಮಾವತಿ ಕೊನೆಯವರೆಗೆ ಕೇಳಿದಳು. ಚೇತನ್‌ಕುಮಾರ್ ಅಭಿನಯಿಸಿದ್ದನ್ನು ಮುಚ್ಚಿಡಲು ಹೋದ, ಆಮೇಲೆ ಅದನ್ನೂ ಹೇಳಿದ. “ಅವರ ಮುಂದೆ ಹೇಳಿದ್ದು ಒಳ್ಳೇದಾಯ್ತು” ಅಂದಳು. “ನಿನ್ನೆ ನನ್ ಮುಂದೆ ಹೇಳಿದ್ರೆ ಇನ್ನೂ ಒಳ್ಳೇದಿತ್ತು.” ಅಷ್ಟೇ.

ಮುಂದಿನ ಭಾನುವಾರ ಅವಳು ಒಬ್ಬಳೇ ಹೋದಳು. ಅವನನ್ನು ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವನಿಗೆ ಕೇಳಲು ಬಾಯಿ ಬರಲಿಲ್ಲ. ಹಾಗೆ ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಹೊಸ ಪಂಪೊಂದನ್ನು ಅವಳು ತಾನೇ ಹೋಗಿ ತಂದಳು. ಟ್ಯೂಬ್ ಬಿಚ್ಚಿ ಪ್ಯಾಚ್ ಹಾಕುವುದನ್ನು ಶಾಪಿನವನ ಹತ್ತಿರ ಕಲಿತು ಬಂದು ಸ್ವಾತಿಗೆ ಕಲಿಸಿದಳು. ಕೇರಿಯ ಪ್ರೈಮರಿ ಶಾಲೆಯ ಟೀಚರ್ ಸಹನಾ ಒಂದು ದಿನ ತನ್ನ ಲೇಡೀಸ್ ಸೈಕಲ್ ತಳ್ಳಿಕೊಂಡು ಬಂದು, “ನಾನೂ ಬರಬಹುದಾ ಅಕ್ಕ?” ಎಂದು ಕೇಳಿದಳು. ಆಮೇಲೆ ಅವರಿಬ್ಬರೂ ಹೋಗುತ್ತಿದ್ದರು. ಮೂರ್ತಪ್ಪ ಶನಿವಾರ ಸಂಜೆ ಹೆಂಡತಿಯ ಸೈಕಲಿಗೆ ಗಾಳಿ ನೋಡಿ, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ಬಿಗಿ ಮಾಡಿ ಇಡುತ್ತಿದ್ದ. ಅವಳು ಬೆಳಿಗ್ಗೆ ಮತ್ತೊಮ್ಮೆ ತಾನೇ ನೋಡಿಕೊಂಡು ಹೊರಡುತ್ತಿದ್ದಳು. ಹಾಗೆ ನೋಡಿಕೊಳ್ಳುವುದನ್ನು ಕಿಟಕಿಯಿಂದ ಕಂಡಾಗಲೆಲ್ಲ ಅವನಿಗೆ ಒಳಗೆ ಮುಳ್ಳು ಮುರಿದಂತಾಗುತ್ತಿತ್ತು. ತನ್ನ ಸೈಕಲನ್ನು ಅವನು ಮೂರು ತಿಂಗಳು ಮುಟ್ಟಲಿಲ್ಲ. ಡಾಕ್ಟರು ಸಕ್ಕರೆ ಮತ್ತೆ ಅಂಚಿಗೆ ಬಂದಿದೆ ಎಂದರು.

ಮಾರ್ಚಿನಲ್ಲಿ ಹರಿಯಬ್ಬೆಯಿಂದ ಫೋನು ಬಂತು. ಹೇಮಾವತಿಯ ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಶನಿವಾರ ಊಟಕ್ಕೆ ಕೂತಾಗ ಅವಳು ಹೇಳಿದಳು. “ನಾಳೆ ಅಪ್ಪನ್ನ ನೋಡಾಕೆ ಹೋಗ್ತೀನಿ, ಸೈಕಲ್‌ನಾಗೇ. ಅಲ್ಲೇ ಉಳ್ಕಂಡು ಸೋಮವಾರ ಬರೋದು. ಸಹನಾಗೆ ಪರೀಕ್ಷೆ ಕೆಲಸ ಐತಂತೆ.” ಸಾರು ಬಡಿಸುತ್ತ ಸ್ವಲ್ಪ ನಿಲ್ಲಿಸಿದಳು. “ಬರಂಗಿದ್ರೆ ಬರ್ರಿ. ಆದ್ರೆ ಮೂರು ತಿಂಗ್ಳು ತುಳಿದಿಲ್ಲ ನೀವು. ನಾನು ಕಾಯಲ್ಲ.”

“ಕಾಯಬೇಡ” ಅಂದ ಮೂರ್ತಪ್ಪ. ಸೋಮವಾರದ ರಜೆ ಚೀಟಿಯನ್ನು ಅಂದೇ ಬರೆದು ಸಹೋದ್ಯೋಗಿಯೊಬ್ಬನ ಮನೆಗೆ ಕೊಟ್ಟು ಬಂದ. ಕಾರಣದ ಜಾಗದಲ್ಲಿ, ಪತ್ನಿಯೊಂದಿಗೆ ಸೈಕಲಿನಲ್ಲಿ ಮಾವನ ಮನೆಗೆ ಹೋಗುತ್ತಿರುವುದರಿಂದ ಎಂದು ಬರೆದಿದ್ದ.

ಅವಳು ಕಾಯಲಿಲ್ಲ. ಐಮಂಗಲಕ್ಕೆ ಮುಂಚೆಯೇ ಅವಳ ಬೆನ್ನು ಒಂದು ಚುಕ್ಕೆಯಾಗಿ, ಆಮೇಲೆ ಅದೂ ಕಾಣದಾಯಿತು. ಅವನು ತನ್ನ ಹಿಡಿತಕ್ಕೆ ಸಿಕ್ಕ ಗತಿಯಲ್ಲಿ ತುಳಿದ. ಬಾಯಾರುವ ಮುಂಚೆ ನೀರು ಕುಡಿದ. ಹಿರಿಯೂರು ದಾಟಿ ಧರ್ಮಪುರದ ದಾರಿಗೆ ತಿರುಗಿದ ಮೇಲೆ ರಸ್ತೆ ಕಿರಿದಾಯಿತು, ಎರಡೂ ಕಡೆ ಕಡಲೆಕಾಯಿ ಕಿತ್ತ ಹೊಲಗಳು. ಎಲ್ಲೂ ಅವಳ ಸುಳಿವಿರಲಿಲ್ಲ.

ಹರಿಯಬ್ಬೆ ಸೇರುವಾಗ ಬಿಸಿಲು ಇಳಿಯುತ್ತಿತ್ತು. ಮಾವ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಮಂಚದಲ್ಲಿ ಕೂತಿದ್ದರು. ಸೈಕಲಿನ ಸದ್ದಿಗೆ ಮುಖವೆತ್ತಿದರು. “ಯಾರು?”

“ನಾನು ಮಾವಾ, ಮೂರ್ತಪ್ಪ.”

“ಬರ್ರಿ ಬರ್ರಿ. ಹೇಮಿ ಬಂದು ಎರಡು ತಾಸಾಯ್ತು. ನೀವು ಹಿಂದೆ ಬಿದ್ರಂತೆ?”

“ಹೌದು ಮಾವ. ಅವಳು ನನಗಿಂತ ಚೆನ್ನಾಗಿ ತುಳೀತಾಳೆ.”

ಮುದುಕ ನಕ್ಕರು. “ನನ್ನನ್ನ ಹಿಂದೆ ಕೂರಿಸ್ಕಂಡು ಧರ್ಮಪುರದವರ್ಗೂ ತುಳಿದೋಳು ಅವಳು. ಹದಿನಾಲ್ಕು ವರ್ಷಕ್ಕೆ.”

ಅದನ್ನು ಅವಳು ಯಾವತ್ತೂ ಅವನಿಗೆ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಒಳಗಿಂದ ಹೇಮಾವತಿ ಮಜ್ಜಿಗೆಯ ಚೊಂಬು ತಂದು ಅವನ ಪಕ್ಕದಲ್ಲಿಟ್ಟಳು. ಅವನ ಧೂಳು ಮೆತ್ತಿದ ಮುಖ, ಬೆವರಿನ ಗೆರೆಗಳನ್ನು ಒಂದು ಗಳಿಗೆ ನೋಡಿದಳು. “ಕಾಲು ಹಿಡ್ಕಂತಾ?”

“ಸ್ವಲ್ಪ.”

“ಉಪ್ಪು ಹಾಕೀನಿ. ಕುಡೀರಿ” ಎಂದು ಹೇಳಿ, ಅಪ್ಪನ ಕಣ್ಣಿಗೆ ಹನಿ ಹಾಕುವ ಹೊತ್ತಾಯಿತೆಂದು ಮಂಚದ ಕಡೆ ಹೋದಳು.